ಆಭಾ ಆ್ಯಪ್: ಅಮ್ಮನ ಚೀಟಿಗಳೆಲ್ಲ ಮೊಬೈಲಿಗೆ ಬಂದ ಮೇಲೆ

ಅಮ್ಮನಿಗೆ 68 ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ 12 ವರ್ಷವಾಯಿತು. ಪ್ಲಾಸ್ಟಿಕ್ ಕವರಿನಲ್ಲಿ ಚೀಟಿ ತುಂಬಿಕೊಂಡು ಓಡಾಡಿ ಸಾಕಾಗಿ, ಹೋದ ವರ್ಷ ಅವರ ಮೊಬೈಲಿಗೆ ಆಭಾ ಆ್ಯಪ್ ಹಾಕಿಕೊಟ್ಟೆ. ಆರೋಗ್ಯದ ದಾಖಲೆಗಳನ್ನು ಮೊಬೈಲಿನಲ್ಲೇ ನೋಡಲು ಕೇಂದ್ರ ಸರ್ಕಾರ ಮಾಡಿರುವ ಆ್ಯಪ್ ಇದು. ಆಧಾರ್ ಒಟಿಪಿ ಕೊಟ್ಟರೆ 14 ಅಂಕಿಯ ನಂಬರ್ ಸಿಗುತ್ತದೆ, ಅಷ್ಟೇ.

ನನಗೆ ತುಂಬಾ ಹಿಡಿಸಿದ್ದು ಇದು ಅನುಮತಿ ಕೇಳುವ ರೀತಿ. ಕಣ್ಣಿನ ಆಸ್ಪತ್ರೆಯವರು ಹಳೆಯ ರಿಪೋರ್ಟ್ ನೋಡಬೇಕು ಅಂದಾಗ ಮೊಬೈಲಿಗೆ ಕೋರಿಕೆ ಬಂತು. ಯಾತಕ್ಕೆ ಬೇಕು, ಯಾವ ತಾರೀಖಿನಿಂದ ಎಲ್ಲಿಯವರೆಗಿನದು, ಎಷ್ಟು ದಿನ ನೋಡುತ್ತಾರೆ, ಎಲ್ಲಾ ಇತ್ತು. ಅಮ್ಮ ನನ್ನ ಕೈಲಿ ಪೂರ್ತಿ ಓದಿಸಿಕೊಂಡರು. "ಕಣ್ಣಿನ ಡಾಕ್ಟರಿಗೆ ನನ್ನ ಗರ್ಭಕೋಶದ ಆಪರೇಷನ್ ಕಾಗದ ಯಾಕೋ?" ಅಂದರು. ಸರಿ, ತಾರೀಖು ಬದಲಾಯಿಸಿ ಒಂದು ವರ್ಷದ್ದು ಮಾತ್ರ ಕೊಟ್ಟೆವು. ಬೇಡ ಅನ್ನಿಸಿದರೆ ಕೊಟ್ಟ ಅನುಮತಿಯನ್ನು ವಾಪಸ್ಸೂ ತೆಗೆದುಕೊಳ್ಳಬಹುದು. ಕವರ್ ಹಿಡಿದು ಹೋಗುತ್ತಿದ್ದಾಗ ಇಡೀ ಕಂತೆ ಮೇಜಿನ ಮೇಲೆ ಸುರಿಯುತ್ತಿದ್ದೆವು ಅಲ್ವಾ?

ಆದರೆ ಮೊಬೈಲಿನಲ್ಲಿ ಕಂಡಿದ್ದೆಲ್ಲ ಸರಿ ಅಂತ ಸುಮ್ನೆ ನಂಬಬೇಡಿ. ಎರಡು ತಿಂಗಳ ಹಿಂದೆ ಅಮ್ಮನ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, 9.6 ಅಂತ ಬಂತು. ಹಿಂದಿನ ಸಲ 7.1 ಇತ್ತು. ಡಾಕ್ಟರು ಇನ್ಸುಲಿನ್ ಬರೆಯಲು ಪೆನ್ ತೆಗೆದಿದ್ದರು. ಅಮ್ಮ ತಾರೀಖು ಕೇಳಿ, "ಆವತ್ತು ನಾನು ರಕ್ತ ಕೊಟ್ಟೇ ಇಲ್ಲ ಸಾರ್, ತಂಗಿ ಮಗಳ ಮದುವೆಯಲ್ಲಿದ್ದೆ" ಅಂದರು.

ಲ್ಯಾಬಿಗೆ ಹೋಗಿ ಕೇಳಿದರೆ, ಅವರ ಕಂಪ್ಯೂಟರಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರು. ಕೌಂಟರಿನವರು ಮೊದಲು ಕಂಡ ಹೆಸರು ಒತ್ತಿದ್ದರು. ತಪ್ಪು ಯಾರಿಂದಲಾದರೂ ಆಗುತ್ತದೆ. ನನಗೆ ಜಾಸ್ತಿ ನೋವಾಗಿದ್ದು ಲ್ಯಾಬ್‌ನವರು "ಆ್ಯಪ್‌ನವರನ್ನು ಕೇಳಿ" ಅಂದಿದ್ದಕ್ಕೆ. ಆಭಾದಲ್ಲಿ ಎಲ್ಲರ ದಾಖಲೆಯನ್ನೂ ಒಂದೇ ಕಡೆ ಗುಡ್ಡೆ ಹಾಕುವುದಿಲ್ಲ. ರಿಪೋರ್ಟ್ ಮಾಡಿದವರ ಹತ್ತಿರವೇ ಅದು ಇರುತ್ತದೆ, ನಮ್ಮ ನಂಬರಿಗೆ ಜೋಡಣೆಯಾಗುತ್ತದೆ. ಹಾಗಾಗಿ ತಿದ್ದಬೇಕಾದವರು ಅವರೇ. ಇದನ್ನು ಎರಡು ಸಲ ಹೇಳಿದ ಮೇಲೆ ಲ್ಯಾಬ್ ಮುಖ್ಯಸ್ಥರೇ ಕೂತು ಸರಿ ಮಾಡಿಸಿದರು. ನಾಲ್ಕು ದಿನ ಹಿಡಿಯಿತು.

ತಪ್ಪು ರಿಪೋರ್ಟ್ ಈಗ ಕಾಣುವುದಿಲ್ಲ. ಅದನ್ನು ಸುಮ್ಮನೆ ಅಳಿಸುವ ಬದಲು ಯಾವತ್ತು, ಏನು ತಪ್ಪಾಗಿತ್ತು, ಯಾರು ತಿದ್ದಿದರು ಅಂತ ಒಂದು ಸಾಲು ಹಾಕಿ ಅಂತ ಬರೆದು ಕೊಟ್ಟು ಬಂದಿದ್ದೇನೆ. ಮುಂದಿನ ಡಾಕ್ಟರಿಗೆ ಅದು ಬೇಕಾಗುತ್ತದೆ.

ಆ 9.6 ಯಾರದ್ದೋ ಅವರಿಗೆ ತಿಳಿಸಿದಿರಾ ಅಂತಲೂ ಕೇಳಿದೆ. ಕೌಂಟರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಎದುರಿಗೇ ಫೋನ್ ಮಾಡಿಸಿದೆ. ಆ ಹೆಂಗಸು ಮೂರು ವಾರದಿಂದ ರಿಪೋರ್ಟಿಗೆ ಕಾಯುತ್ತಿದ್ದರು.