ಬೇಸ್ ಗಿಟಾರ್‌ನಲ್ಲಿ ಸ್ಕಾ: ಉಚಿತ ಟ್ಯಾಬ್, ಆ್ಯಪ್, ಅಚ್ಚಾದ ಪುಸ್ತಕ

ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ತಂತಿಗಳ ಬೇಸ್ ಗಿಟಾರ್‌ನಲ್ಲಿ ಸ್ಕಾ, ಅಂದರೆ ಜಮೈಕಾದಲ್ಲಿ ಹುಟ್ಟಿದ ಜಿಗಿತದ ಸಂಗೀತ, ಕಲಿಯುವ ಆಸೆಯಿದ್ದರೆ ಅಚ್ಚಾದ ಪುಸ್ತಕವನ್ನೇ ಕೊಳ್ಳಿ. ಮೇಲಿನ ಸಾಲಿನಲ್ಲಿ ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ), ಅದರ ಕೆಳಗೆ ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ತೋರಿಸುವ ಲಿಪಿ), ಎರಡೂ ಇರುವಂಥದ್ದು. ಈ ತೀರ್ಮಾನಕ್ಕೆ ಬರುವಷ್ಟರಲ್ಲಿ ನನಗೆ ಎಂಟು ತಿಂಗಳು ಹಿಡಿಯಿತು, ಒಂದು ಆ್ಯಪ್‌ಗೆ ಕಟ್ಟಿದ ವರ್ಷದ ಚಂದಾ ಹಣವೂ ಹೋಯಿತು. ಮೂರನ್ನೂ ದಿನಕ್ಕೆ ಅರ್ಧ ಗಂಟೆಯಂತೆ ನುಡಿಸಿ ನೋಡಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರಂತೆ ನಾನೂ ಶುರು ಮಾಡಿದ್ದು ಅಂತರಜಾಲದಲ್ಲಿ ಸಿಗುವ ಉಚಿತ ಟ್ಯಾಬ್‌ಗಳಿಂದ. ಯಾರೋ ಅಭಿಮಾನಿ ಕೇಳಿಕೊಂಡು, ತಂತಿಗೊಂದರಂತೆ ನಾಲ್ಕು ಗೆರೆಗಳ ಮೇಲೆ ಫ್ರೆಟ್‌ಗಳ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ) ಅಂಕಿ ಟೈಪ್ ಮಾಡಿ ಹಾಕಿರುತ್ತಾರೆ. ಆ ಶ್ರಮಕ್ಕೆ ನಾನು ಋಣಿ. ಮೊದಲ ಹದಿನೈದು ದಿನ ಅದು ಕೊಟ್ಟ ಸಂತೋಷವನ್ನು ಬೇರೆ ಯಾವುದೂ ಕೊಡಲಿಲ್ಲ. ಆಮೇಲೆ ತೊಡಕು ಎದುರಾಯಿತು.

ಸ್ಕಾದ ಹಳೆಯ ಬೇಸ್ ನಡೆ ಬಹುಪಾಲು ಜಾಝ್‌ನಿಂದ ಬಂದ ವಾಕಿಂಗ್ ಬೇಸ್. ಪ್ರತಿ ತಾಳಪೆಟ್ಟಿಗೆ ಒಂದೊಂದು ಸ್ವರ ಹೆಜ್ಜೆಯಿಡುತ್ತದೆ: ಸ, ಗ, ಪ, ಧ. ಮೋಹನ ರಾಗದಿಂದ ರಿಷಭವನ್ನು ತೆಗೆದಿಟ್ಟಂತೆ. ಬೇಸ್‌ನ ತಂತಿಗಳು ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಎ ಶ್ರುತಿಯಲ್ಲಿ ಇದನ್ನು ನುಡಿಸಲು ನನಗೆ ಸಿಕ್ಕ ಉಚಿತ ಟ್ಯಾಬ್ ಹೇಳಿದ್ದು ಹೀಗೆ: ಎ ತಂತಿಯಲ್ಲಿ 0, 4, ಡಿ ತಂತಿಯಲ್ಲಿ 2, 4. ಸ್ವರಗಳೆಲ್ಲ ಸರಿ, ಒಂದೂ ತಪ್ಪಿಲ್ಲ. ಆದರೂ ಧ್ವನಿಮುದ್ರಿಕೆಯ ಜೊತೆ ನುಡಿಸಿದರೆ ಇಡೀ ಹಾಡು ಕೆಸರಿನಲ್ಲಿ ನಡೆದಂತೆ ಕೇಳುತ್ತಿತ್ತು. ಮೂರು ವಾರ ವೇಗ ಹೆಚ್ಚಿಸಿದೆ, ತಗ್ಗಿಸಿದೆ, ತಂತಿಗಳನ್ನೇ ಬದಲಾಯಿಸಿದೆ. ಏನೂ ಆಗಲಿಲ್ಲ.

ಕಾರಣ ಆ ಸೊನ್ನೆ. ಸೊನ್ನೆ ಎಂದರೆ ಎಡಗೈ ಬೆರಳು ಒತ್ತದೆ ಮೀಟುವ ಖಾಲಿ ತಂತಿ. ಒತ್ತಿದ ಸ್ವರವನ್ನು ನಿಲ್ಲಿಸಲು ಬೆರಳನ್ನು ತುಸು ಸಡಿಲಿಸಿದರೆ ಸಾಕು. ಖಾಲಿ ತಂತಿಯಲ್ಲಿ ಸಡಿಲಿಸಲು ಬೆರಳೇ ಇರುವುದಿಲ್ಲ, ಬೇರೆ ಕೈಯೋ ಬೆರಳೋ ಬಂದು ಮುಟ್ಟಿ ತಡೆಯುವವರೆಗೂ ಅದು ಮೊಳಗುತ್ತಲೇ ಇರುತ್ತದೆ. ಸ್ಕಾದಲ್ಲಿ ಎರಡು ತಾಳಪೆಟ್ಟುಗಳ ನಡುವಿನ ಜಾಗ ಗಿಟಾರ್ ಮತ್ತು ಪಿಯಾನೊಗಳದ್ದು. ಅವು ಚಕ್ ಚಕ್ ಎಂದು ಕತ್ತರಿಸುವುದು ಅಲ್ಲಿಯೇ. ಬೇಸ್ ಆ ಜಾಗಕ್ಕೆ ಹರಿದುಬಂದರೆ ಸ್ಕಾದ ಜಿಗಿತ ಸತ್ತಂತೆ.

1964ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ದಿ ಸ್ಕಾಟಲೈಟ್ಸ್ ಎಂಬ ಸ್ಕಾ ತಂಡದಲ್ಲಿ ಲಾಯ್ಡ್ ಬ್ರೆವೆಟ್ ನುಡಿಸುತ್ತಿದ್ದದ್ದು ನಿಲ್ಲಿಸಿಕೊಂಡು ನುಡಿಸುವ ಡಬಲ್ ಬೇಸ್. ಅದರ ಸ್ವರ ಧಪ್ ಎಂದು ಬಿದ್ದು ಬೇಗ ಆರಿಹೋಗುತ್ತದೆ. ನಮ್ಮ ವಿದ್ಯುತ್ ಬೇಸ್‌ನ ತಂತಿ ಹಾಗೆ ಆರುವುದಿಲ್ಲ. ಡಬಲ್ ಬೇಸ್‌ಗೆ ಫ್ರೆಟ್‌ಗಳೇ ಇಲ್ಲ. ಅಲ್ಲಿನ ನಡೆಯನ್ನು ಫ್ರೆಟ್ ಅಂಕಿಗಳಿಗೆ ಇಳಿಸಿದವರು ಬೆರಳಿನ ಜಾಗವನ್ನು ತಾವೇ ಊಹಿಸಿರುತ್ತಾರೆ.

ನಮ್ಮ ಸಂಗೀತ ಪಾಠದ ಪುಸ್ತಕಗಳಲ್ಲಿ ಸ್ವರದ ಮುಂದೆ ಒಂದು ಅಲ್ಪವಿರಾಮ ಹಾಕಿದರೆ ಅಷ್ಟು ಕಾರ್ವೆ, ಅಂದರೆ ಅಷ್ಟು ಹೊತ್ತು ಸ್ವರವನ್ನು ಹಿಡಿಯಬೇಕು ಎಂದು ಮಕ್ಕಳಿಗೂ ತಿಳಿಯುತ್ತದೆ. ನಾನು ಬಳಸಿದ ಉಚಿತ ಟ್ಯಾಬ್‌ಗಳಲ್ಲಿ ಅಂಥ ಒಂದು ಗುರುತೂ ಇರಲಿಲ್ಲ. ಬೆರಳು ಎಲ್ಲಿಡಬೇಕು ಎಂದು ಹೇಳಿ, ಯಾವಾಗ ತೆಗೆಯಬೇಕು ಎಂಬ ವಿಷಯಕ್ಕೆ ಬಂದಾಗ ಅವು ಸುಮ್ಮನಾಗುತ್ತವೆ.

ಆ್ಯಪ್ ಇದನ್ನು ಸರಿಮಾಡುತ್ತದೆ ಎಂದು ನಂಬಿಯೇ ಚಂದಾ ಕಟ್ಟಿದೆ. ಪರದೆಯ ಮೇಲೆ ಟ್ಯಾಬ್ ಸರಿಯುತ್ತದೆ, ಜೊತೆಗೆ ಧ್ವನಿಯೂ ಬರುತ್ತದೆ. ಆದರೆ ನಾನು ಕಲಿತ ಹಾಡುಗಳಲ್ಲಿ ಆ ಕೃತಕ ಬೇಸ್ ಪ್ರತಿ ಸ್ವರವನ್ನೂ ಮುಂದಿನದರವರೆಗೆ ಎಳೆದೇ ಹಿಡಿಯುತ್ತಿತ್ತು. ನನ್ನ ತಪ್ಪನ್ನೇ ಅದು ನನಗೆ ಮತ್ತೆ ಕಲಿಸುತ್ತಿತ್ತು. ಕಣ್ಣು ಸರಿಯುವ ಗೆರೆಗೆ ಅಂಟಿಕೊಂಡರೆ ಕಿವಿ ಡ್ರಮ್ಸ್ ಕಡೆ ಹೋಗುವುದೇ ಇಲ್ಲ. ವರ್ಷ ಮುಗಿದಾಗ ಚಂದಾ ತಾನಾಗಿಯೇ ಮುಂದುವರಿಯುವ ಏರ್ಪಾಡು ಬೇರೆ ಇತ್ತು, ಅದನ್ನು ನಿಲ್ಲಿಸಲು ಎರಡು ಸಂಜೆ ಹೋದವು.

ಆ್ಯಪ್‌ನ ಒಂದು ಗುಣವನ್ನು ಮಾತ್ರ ಮನಸಾರೆ ಹೊಗಳುತ್ತೇನೆ: ವೇಗವನ್ನು ಅರ್ಧಕ್ಕೆ ಇಳಿಸಬಹುದು. ಭಾರತೀಯ ಮೂಲದ ಟೋನಿ ಕನಾಲ್ ಕ್ಯಾಲಿಫೋರ್ನಿಯಾದ ನೋ ಡೌಟ್ ತಂಡದಲ್ಲಿ ನುಡಿಸಿದಂಥ ಚುರುಕಾದ, ಸ್ವರಗಳು ಒತ್ತೊತ್ತಾಗಿ ಬರುವ ನಡೆಗಳಿಗೆ ಇದು ನಿಜವಾಗಿಯೂ ಬೇಕು.

ಪುಸ್ತಕ ಕೈಗೆ ಬಂದದ್ದು ಕೊನೆಗೆ. ಎರಡನೆಯ ಪುಟದಲ್ಲೇ ಉತ್ತರವಿತ್ತು. ಅದೇ ಸ, ಗ, ಪ, ಧ. ಆದರೆ ಇ ತಂತಿಯಲ್ಲಿ 5, ಎ ತಂತಿಯಲ್ಲಿ 4 ಮತ್ತು 7, ಡಿ ತಂತಿಯಲ್ಲಿ 4. ಸೊನ್ನೆಯೇ ಇಲ್ಲ. ಮೇಲಿನ ಸಾಲಿನಲ್ಲಿ ಪ್ರತಿ ಸ್ವರದ ತಲೆಯ ಮೇಲೋ ಕೆಳಗೋ ಸಾಸಿವೆ ಕಾಳಿನಂಥ ಒಂದು ಚುಕ್ಕಿ. ಅದು ಸ್ಟಕಾಟೊ ಚಿಹ್ನೆ, ಸ್ವರವನ್ನು ಮೊಟಕು ಮಾಡು ಎಂದರ್ಥ. ಆ ಚುಕ್ಕಿಯನ್ನು ನಂಬಿ, ಮೀಟಿದ ಕೂಡಲೇ ಬೆರಳು ಸಡಿಲಿಸುತ್ತ ಹೋದೆ. ಪಾತ್ರೆ ತೊಳೆಯುವ ಹೊಸ ಸ್ಪಾಂಜಿನಿಂದ ಹೆಬ್ಬೆರಳಗಲದ ಪಟ್ಟಿ ಕತ್ತರಿಸಿ ಬ್ರಿಜ್‌ನ (ತಂತಿಗಳ ಬುಡದ ಆಸರೆಯ) ಹತ್ತಿರ ತಂತಿಗಳ ಅಡಿಗೆ ತೂರಿಸಿದೆ. ಅಂದು ರಾತ್ರಿ ಮೊದಲ ಸಲ ಗಿಟಾರ್‌ನ ಚಕ್ ಎಂಬ ಸದ್ದು ನನ್ನ ಬೇಸ್‌ನ ಸ್ವರಗಳ ನಡುವೆ ಸ್ವಚ್ಛವಾಗಿ ಕೇಳಿಸಿತು. ಕಣ್ಣಲ್ಲಿ ನೀರು ಬಂತು.

ಸ್ಟಾಫ್ ನೊಟೇಶನ್ ಓದಲು ಬರದಿದ್ದರೂ ತೊಂದರೆಯಿಲ್ಲ. ಚುಕ್ಕಿ, ವಿರಾಮದ ಗುರುತು, ಕಾಲದ ಗುರುತು ಇಷ್ಟನ್ನು ಒಂದು ಭಾನುವಾರ ಕೂತು ಕಲಿತರೆ ಸಾಕು. ಸ್ವರ ಯಾವುದು ಎಂದು ಕೆಳಗಿನ ಟ್ಯಾಬ್ ಹೇಳುತ್ತದೆ. ಪುಸ್ತಕದ ಕುಂದು ಎಂದರೆ ಹಾಡುಗಳು ಕಡಿಮೆ, ಬೆನ್ನು ಗಟ್ಟಿಯಾದ್ದರಿಂದ ಪುಟಗಳು ಮಡಚಿಕೊಳ್ಳುತ್ತವೆ. ನಾನು ಎರಡು ಬಟ್ಟೆ ಕ್ಲಿಪ್ಪು ಹಾಕಿಡುತ್ತೇನೆ.

ನನ್ನ ಪುಸ್ತಕದ ಬೆಲೆ ಆ ಚಂದಾ ಹಣದ ಅರ್ಧಕ್ಕಿಂತ ಕಡಿಮೆ. ರಾತ್ರಿ ಊಟವಾದ ಮೇಲೆ ಮೊಬೈಲ್ ದೂರವಿಟ್ಟು, ಪೆನ್ಸಿಲ್ ಹಿಡಿದು ಕೂರುವ ಅಭ್ಯಾಸದವನಾದ ನನಗೆ ಬೇರೆ ಆಯ್ಕೆ ಬೇಕಿಲ್ಲ. ಬಸ್ಸಿನಲ್ಲಿ, ಬಿಡುವಿನಲ್ಲಿ ಕಲಿಯುವವರು, ನೂರು ಹಾಡುಗಳ ರುಚಿ ನೋಡಬೇಕೆನ್ನುವವರು ಆ್ಯಪ್ ತೆಗೆದುಕೊಳ್ಳಲಿ, ಆದರೆ ಒಂದು ತಿಂಗಳಿಗೆ ಮಾತ್ರ.

ಉಚಿತ ಟ್ಯಾಬ್‌ಗಳನ್ನೂ ನಾನು ಬಿಟ್ಟಿಲ್ಲ. ಪುಸ್ತಕದಲ್ಲಿಲ್ಲದ ಹಾಡು ಬೇಕಾದಾಗ ಮುದ್ರಿಸಿಕೊಂಡು, ಮೂಲವನ್ನು ನಾಲ್ಕಾರು ಸಲ ಕೇಳಿ, ಎ, ಡಿ, ಜಿ ತಂತಿಗಳ ಮೇಲಿನ ಸೊನ್ನೆಗಳನ್ನು ಹೊಡೆದುಹಾಕುತ್ತೇನೆ. ಪ್ರತಿ ಸೊನ್ನೆಯ ಬದಲಿಗೆ ಅದರ ಕೆಳಗಿನ ಗೆರೆಯ ಮೇಲೆ 5 ಎಂದು ಬರೆದು, ಅದರ ತಲೆಯ ಮೇಲೊಂದು ಚುಕ್ಕಿ ಇಡುತ್ತೇನೆ.