ಠಾಣೆಯಿಂದ ಕುಂಜಿಬೆಟ್ಟಿಗೆ: ನನ್ನ ಯೆಜ್ಡಿ ರೈಲಿನಲ್ಲಿ ಬಂದ ಕತೆ

ಮೊದಲೇ ಹೇಳಿಬಿಡುತ್ತೇನೆ, ದಾರಿಯಲ್ಲಿ ಬೈಕಿಗೆ ಒಂದು ಗೀರೂ ಬೀಳಲಿಲ್ಲ. ಸೀಟು ಹರಿದದ್ದು ಬೇರೆ ವಿಷಯ. ಅದಕ್ಕೆ ಕೊನೆಗೆ ಬರುತ್ತೇನೆ.

ಬೈಕು 1992ರ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು, ಬದುಕೆಲ್ಲ ಕಳೆದದ್ದು ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ. ಕಾರ್ಖಾನೆ 1996ರಲ್ಲೇ ಮುಚ್ಚಿತು. ಮುಂಬಯಿಯಲ್ಲಿ ಹೋಟೆಲು ನಡೆಸುವ ನಮ್ಮ ಮಾವನ ಹತ್ತಿರ ದಿನಾ ಬೆಳಿಗ್ಗೆ ಇಡ್ಲಿ ತಿನ್ನಲು ಬರುವ ಮರಾಠಿ ಅಜ್ಜರೊಬ್ಬರಿದ್ದಾರೆ. ಅವರದ್ದೇ ಗಾಡಿ, ಒಬ್ಬರೇ ಓಡಿಸಿದ್ದು. ಮೊಣಕಾಲು ನೋವಿನಿಂದ ಕಿಕ್ ಹೊಡೆಯಲು ಆಗುವುದಿಲ್ಲ ಅಂತ ಮಾರಲು ಹೊರಟಿದ್ದರು. ಮಾವ ಫೋನು ಮಾಡಿ, "ನಿನಗೆ ಈ ಹುಚ್ಚು ಉಂಟಲ್ಲ, ಬೇಕಾದರೆ ಬಂದು ನೋಡು" ಅಂದರು. ನೋಡಿದೆ, ಒಂದೇ ಕಿಕ್ಕಿಗೆ ಶುರುವಾಯಿತು. ಆಮೇಲೆ ಚರ್ಚೆ ಮಾಡಲು ಏನೂ ಉಳಿಯಲಿಲ್ಲ.

ಉಳಿದದ್ದು ಒಂದೇ ಪ್ರಶ್ನೆ. ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಗೆ ತರುವುದು ಹೇಗೆ?

ಓಡಿಸಿಕೊಂಡೇ ಬರುವ ಆಸೆ ಇತ್ತು. ಆದರೆ ಮೂವತ್ತು ದಾಟಿದ ಎಂಜಿನ್ನು, ಎಂಟುನೂರು ಚಿಲ್ಲರೆ ಕಿಲೋಮೀಟರು, ನಡುವೆ ಘಾಟಿ. ಹೆಂಡತಿ ಒಂದು ಮಾತೂ ಆಡಲಿಲ್ಲ, ಸುಮ್ನೆ ನೋಡಿದಳು. ಆ ಯೋಚನೆ ಅಲ್ಲಿಗೇ ಬಿಟ್ಟೆ.

ಎರಡನೆಯದು ಸಾಮಾನು ಸಾಗಿಸುವ ಕಂಪನಿ. ಹೆಸರು ಬೇಡ. ಫೋನಿನಲ್ಲಿ 5,500 ರೂಪಾಯಿ ಅಂದರು, ಮನೆ ಬಾಗಿಲಿಗೇ ಬರುತ್ತದೆ ಅಂದರು. ಮುಂಗಡ ಕಳಿಸಿದ ಮರುದಿನ ವಿಮೆಗೆ ಇಷ್ಟು, ಟೋಲಿಗೆ ಇಷ್ಟು, ಹಳೆ ಗಾಡಿಗೆ ಪ್ಯಾಕಿಂಗ್ ಜಾಸ್ತಿ ಅಂತ ಲೆಕ್ಕ 9,000 ಮುಟ್ಟಿತು. ಬೈಕು ನೇರ ಬರುತ್ತದಾ ಅಂತ ಕೇಳಿದೆ. "ಗೋಡೌನ್‌ನಲ್ಲಿ ಲೋಡ್ ಆಗುವ ತನಕ ಕಾಯಬೇಕು ಸರ್" ಅಂದರು. ಎಷ್ಟು ಗೋಡೌನ್ ಅಂದರೆ ಉತ್ತರವಿಲ್ಲ. ಮುಂಗಡ ವಾಪಸು ಬರಲು ಹನ್ನೊಂದು ದಿನ, ಇಪ್ಪತ್ತಕ್ಕೂ ಹೆಚ್ಚು ಫೋನು. ಬಂತಲ್ಲ, ಅದೇ ದೊಡ್ಡದು ಅನ್ನಿ.

ಮೂರನೆಯದು ಮುಂಬಯಿ ಬಸ್ಸಿನ ಡಿಕ್ಕಿ. ಇದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ದಾರಿ. ರಾತ್ರಿ ಹಾಕಿದರೆ ಮರುದಿನ ಉಡುಪಿಯಲ್ಲೇ ಇಳಿಸುತ್ತಾರೆ. ಆದರೆ ಬೈಕನ್ನು ಅಡ್ಡ ಮಲಗಿಸುತ್ತಾರೆ. ಹೊಸ ಸ್ಕೂಟರಾದರೆ ಪರವಾಗಿಲ್ಲವೇನೋ. ಹಳೆ ಬ್ಯಾಟರಿಯ ಆಸಿಡ್, ಗೇರ್‌ಬಾಕ್ಸಿನ ಎಣ್ಣೆ ಎಲ್ಲ ಸೋರಿ ಬೇರೆಯವರ ಹಲಸಿನ ಹಪ್ಪಳದ ಡಬ್ಬಿಗೆ ತಾಗಿದರೆ ಜಗಳ ಯಾರು ಮಾಡುವುದು?

ಆಗಲೇ ನನಗೊಂದು ಲೆಕ್ಕ ಹೊಳೆಯಿತು. ಬೈಕಿಗೆ ಪೆಟ್ಟಾಗುವುದು ಓಡುವಾಗ ಅಲ್ಲ, ಎತ್ತುವಾಗ ಮತ್ತು ಇಳಿಸುವಾಗ. ಹಾಗಾದರೆ ಎಷ್ಟು ದೂರ ಅಂತ ಕೇಳುವುದಲ್ಲ, ಎಷ್ಟು ಸಲ ಎತ್ತುತ್ತಾರೆ ಅಂತ ಕೇಳಬೇಕು. ಗೋಡೌನ್ ಇರುವ ಲಾರಿಯಲ್ಲಿ ನಾಲ್ಕು ಸಲ, ಆರು ಸಲ, ಯಾರಿಗೆ ಗೊತ್ತು. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಹೊರಟು ಮಂಗಳೂರು ಸೆಂಟ್ರಲ್‌ನಲ್ಲಿ ಮುಗಿಯುವ ಮತ್ಸ್ಯಗಂಧ ರೈಲಿನಲ್ಲಿ? ಒಂದು ಸಲ ಹತ್ತಿಸುವುದು, ಒಂದು ಸಲ ಇಳಿಸುವುದು. ಖಾಲಿ ರೈಲಿಗೆ ಹತ್ತುತ್ತದೆ, ಕೊನೆಯ ನಿಲ್ದಾಣದಲ್ಲಿ ಇಳಿಯುತ್ತದೆ. ಎರಡೂ ಕಡೆ ಗಡಿಬಿಡಿ ಇಲ್ಲ. ನಮ್ಮ ಸುರತ್ಕಲ್‌ನಲ್ಲಿ ಲಾರಿಗಳೇ ರೈಲು ಹತ್ತಿ ಬಂದು ಇಳಿಯುತ್ತವೆ, ಕೊಂಕಣ ರೈಲ್ವೆ ಆ ರೋರೋ ಸೇವೆ ಶುರು ಮಾಡಿದ್ದು 1999ರಲ್ಲಿ. ಲಾರಿ ಬರುವುದಾದರೆ ನನ್ನ ಯೆಜ್ಡಿಗೇನು ಕಷ್ಟ ಅಂದುಕೊಂಡೆ.

ಇಲ್ಲೊಂದು ತಮಾಷೆ ಉಂಟು. ಮತ್ಸ್ಯಗಂಧ ಠಾಣೆಯಲ್ಲೂ ನಿಲ್ಲುತ್ತದೆ, ಉಡುಪಿಯಲ್ಲೂ ನಿಲ್ಲುತ್ತದೆ. ಬೈಕು ಇರುವುದು ಠಾಣೆಯಲ್ಲಿ, ಹೋಗಬೇಕಾದದ್ದು ಉಡುಪಿಗೆ. ಎರಡೂ ಕಡೆ ಅದಕ್ಕೆ ಉಪಯೋಗವಿಲ್ಲ. ರೈಲು ನಿಲ್ಲುವ ಕೆಲವೇ ನಿಮಿಷದಲ್ಲಿ ಬೈಕು ಹತ್ತಿಸಿ ಇಳಿಸಲು ಆಗುವುದಿಲ್ಲ. ಹಾಗಾಗಿ ಠಾಣೆಯಿಂದ ಹಿಂದೆ ಕುರ್ಲಾಕ್ಕೆ ಹೋಗಬೇಕು, ಉಡುಪಿ ದಾಟಿ ಮಂಗಳೂರಿಗೆ ಹೋಗಬೇಕು.

ಇನ್ನು ಲಗೇಜ್ ಮತ್ತು ಪಾರ್ಸೆಲ್. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ನಾನು ಎರಡೂ ಒಂದೇ ಅಂದುಕೊಂಡಿದ್ದೆ. ನಿಮ್ಮ ಪ್ರಯಾಣದ ಟಿಕೆಟ್ ತೋರಿಸಿ ಅದೇ ರೈಲಿಗೆ ಹಾಕಿದರೆ ಲಗೇಜ್. ಟಿಕೆಟ್ ಇಲ್ಲದೆ ಬೈಕು ಮಾತ್ರ ಕಳಿಸಿದರೆ ಪಾರ್ಸೆಲ್. ಪಾರ್ಸೆಲ್ ಅಗ್ಗ, ಆದರೆ ಜಾಗ ಸಿಕ್ಕಿದ ರೈಲಿನಲ್ಲಿ ಬರುತ್ತದೆ, ಇಂಥ ದಿನವೇ ಬರುತ್ತದೆ ಅಂತ ಹೇಳಲಾಗದು. ಲಗೇಜ್‌ಗೆ ದುಡ್ಡು ಜಾಸ್ತಿ, ಆದರೆ ನೀವು ಮತ್ತು ಬೈಕು ಒಟ್ಟಿಗೆ. ನಾನು ಲಗೇಜ್ ಮಾಡಿದೆ. ಎರಡಕ್ಕೂ ಹೋಗಬೇಕಾದದ್ದು ಪಾರ್ಸೆಲ್ ಆಫೀಸಿಗೇ.

ಫೆಬ್ರವರಿಯಲ್ಲಿ ಹೋದೆ. ಮಳೆಗಾಲ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಆಗ ಕೊಂಕಣದಲ್ಲಿ ರೈಲುಗಳಿಗೆ ವೇಗ ಕಡಿಮೆ, ವೇಳಾಪಟ್ಟಿಯೇ ಬೇರೆ. ಗೋಣಿ ಒದ್ದೆಯಾದರೆ ಕ್ರೋಮಿಗೆ ತುಕ್ಕು ಬೇರೆ.

ಹೊರಡುವ ದಿನ ಬೆಳಿಗ್ಗೆ ಅಜ್ಜರ ಮನೆಯಿಂದ ಬೈಕು ತೆಗೆದೆ. ಅವರು ಟ್ಯಾಂಕಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಮೊಮ್ಮಗಳು ವಿಡಿಯೋ ಮಾಡಲು ಬಂದಾಗ ಬೈದು ಒಳಗೆ ಕಳಿಸಿದರು. ಒಂದು ಲೀಟರು ಪೆಟ್ರೋಲು ಮಾತ್ರ ಇಟ್ಟುಕೊಂಡು ಮುಲುಂಡ್, ವಿಕ್ರೋಲಿ ದಾಟಿ ಕುರ್ಲಾಕ್ಕೆ ಬಂದೆ. ಆ ಟ್ರಾಫಿಕ್ಕಿನಲ್ಲಿ ಯೆಜ್ಡಿ ಅಂದರೆ ಏನು ಹೇಳುವುದು! ಕಿಕ್ಕಿನ ರಾಡೇ ಗೇರಿನ ರಾಡು. ಕಿಕ್ ಹೊಡೆದು ಅದನ್ನೇ ಮುಂದಕ್ಕೆ ಇಳಿಸಿದರೆ ಗೇರು. ಸಿಗ್ನಲ್‌ನಲ್ಲಿ ಬಂದ್ ಬಿದ್ದರೆ ಗೇರನ್ನು ಮತ್ತೆ ಕಿಕ್ಕು ಮಾಡುವಷ್ಟರಲ್ಲಿ ಹಿಂದಿನ ಆಟೋದವರೆಲ್ಲ ನಮ್ಮ ಮನೆಯವರನ್ನು ನೆನೆಸಿಕೊಳ್ಳುತ್ತಾರೆ.

ಪಾರ್ಸೆಲ್ ಆಫೀಸಿಗೆ ನಾಲ್ಕು ಗಂಟೆ ಮೊದಲೇ ಮುಟ್ಟಿದ್ದೆ. ಅದು ಜಾಸ್ತಿಯಾಗಲಿಲ್ಲ. ಮೊದಲು ಪೆಟ್ರೋಲ್ ಖಾಲಿ ಮಾಡಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೆ ತೆಗೆದುಕೊಳ್ಳುವುದಿಲ್ಲ, ಕದ್ದು ಹಾಕಿ ಸಿಕ್ಕಿಬಿದ್ದರೆ ದಂಡ. ಟ್ಯಾಂಕ್ ಖಾಲಿಯಾದರೆ ಸಾಲದು, ಕಾರ್ಬೊರೇಟರಿನಲ್ಲಿ ಸ್ವಲ್ಪ ಉಳಿದಿರುತ್ತದೆ. ಪೆಟ್ರೋಲ್ ಇಳಿಯುವ ಕಾಕ್ ಬಂದ್ ಮಾಡಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿದೆ. ಕೊನೆಯಲ್ಲಿ ಒಮ್ಮೆ ಜೋರಾಗಿ ಕೂಗಿ ನಿಂತಿತು. ಬ್ಯಾಟರಿಯ ವಯರು ಬಿಚ್ಚಿದೆ, ಮಿರರ್ ಎರಡೂ ಕಳಚಿ ಲುಂಗಿಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ.

ಪ್ಯಾಕಿಂಗ್ ಮಾಡುವವರು ನಿಲ್ದಾಣದ ಹೊರಗೇ ಇರುತ್ತಾರೆ, ಅವರು ರೈಲ್ವೆಯವರಲ್ಲ. ದರ ಮೊದಲೇ ಮಾತಾಡಿ. ನನ್ನ ಗಾಡಿ ಕಟ್ಟಿದ ಹುಡುಗನ ಕೈಕೆಲಸ ನೋಡಲು ನಿಮಗೆ ಪುರುಸೊತ್ತು ಇರಬೇಕಿತ್ತು. ಹೆಡ್‌ಲೈಟಿಗೆ ಬೈಹುಲ್ಲು, ಟ್ಯಾಂಕಿಗೆ ರಟ್ಟು, ಅದರ ಮೇಲೆ ಗೋಣಿ. ಆಮೇಲೆ ದಬ್ಬಣ ತೆಗೆದು ಗೋಣಿದಾರದಲ್ಲಿ ಹೊಲಿದ, ನಮ್ಮಲ್ಲಿ ಅಕ್ಕಿ ಮುಡಿ ಕಟ್ಟುವವರ ಹಾಗೆ ಬಿಗಿಯಾಗಿ. ಎರಡೂ ಸೈಲೆನ್ಸರಿಗೆ ನಾನು ಮನೆಯಿಂದ ತಂದ ಹಳೆ ಯೋಗ ಮ್ಯಾಟು ಕೊಟ್ಟೆ. ಅದನ್ನು ನೋಡಿ ನಕ್ಕ, ಆದರೆ ಚೆನ್ನಾಗಿಯೇ ಸುತ್ತಿದ. ಉಳಿದ ಪೆಟ್ರೋಲು ಅವನಿಗೇ, ಚೈನು ತೊಳೆಯಲು ಬೇಕಂತೆ.

ಎರಡು ಮಾತು ಮರೆಯಬೇಡಿ. ಒಂದು, ಹ್ಯಾಂಡಲ್ ಲಾಕ್ ಹಾಕಬೇಡಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ. ಉರುಳದ ಗಾಡಿಯನ್ನು ಹಮಾಲಿಗಳು ಎಳೆಯುತ್ತಾರೆ, ಎಳೆದರೆ ಎಲ್ಲಿ ಹಿಡಿದು ಎಳೆಯುತ್ತಾರೆ ಅಂತ ಹೇಳಲಾಗದು. ಎರಡು, ಮಂಗಳೂರಿನಲ್ಲಿ ಎರಡು ದೊಡ್ಡ ನಿಲ್ದಾಣ. ಸೆಂಟ್ರಲ್ ಊರೊಳಗೆ, ಜಂಕ್ಷನ್ ಕಂಕನಾಡಿಯ ಆಚೆ. ಬರೀ 'ಮಂಗಳೂರು' ಅಂತ ಬರೆಸಿದರೆ ಸಾಲದು. ಸೆಂಟ್ರಲ್‌ನ ಕೋಡ್ ಎಂಎಕ್ಯೂ, ಜಂಕ್ಷನ್ನಿನದು ಎಂಎಜೆಎನ್. ನಾನು ಗೋಣಿಯ ಎರಡೂ ಬದಿಗೆ ಮಾರ್ಕರಿನಲ್ಲಿ ಕೋಡ್, ಗಾಡಿ ನಂಬರ್, ಫೋನ್ ನಂಬರ್ ದೊಡ್ಡದಾಗಿ ಬರೆದೆ.

ಕೌಂಟರಿನಲ್ಲಿ ಆರ್‌ಸಿ, ವಿಮೆ, ಆಧಾರ್ ಪ್ರತಿ ಮತ್ತು ಟಿಕೆಟ್ ಕೇಳಿದರು. ಬೆಲೆ ಎಷ್ಟು ಬರೆಯಲಿ ಅಂತಲೂ ಕೇಳಿದರು. ಇದು ಮುಖ್ಯ. ಬೆಲೆ ಬರೆಸದಿದ್ದರೆ ಏನಾದರೂ ಆದಾಗ ಪರಿಹಾರ ತೂಕದ ಲೆಕ್ಕದಲ್ಲಿ, ಕಿಲೋಗೆ ಇಷ್ಟು ಅಂತ. ಗುಜರಿಯವನೂ ಹಾಗೇ ಅಲ್ವಾ ಕೊಡುವುದು. ಸ್ವಲ್ಪ ದುಡ್ಡು ಹೋದರೂ ಪರವಾಗಿಲ್ಲ ಅಂತ ಬೆಲೆ ಬರೆಸಿದೆ. ಪ್ಯಾಕಿಂಗ್, ಹಮಾಲಿ, ಲಗೇಜ್ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು, ನನ್ನ ಟಿಕೆಟ್ ಬಿಟ್ಟು.

ರಸೀದಿ ಕೈಗೆ ಬಂದರೂ ನಾನು ಪ್ಲಾಟ್‌ಫಾರ್ಮ್ ಬಿಟ್ಟು ಹೋಗಲಿಲ್ಲ. ಗಾರ್ಡ್ ಡಬ್ಬಿಯ ಪಕ್ಕದ ಲಗೇಜ್ ಕೋಣೆಗೆ ನಾಲ್ಕು ಜನ ಸೇರಿ ಹತ್ತಿಸಿದರು. ಒಳಗೆ ಆಗಲೇ ಎರಡು ಬೈಕು ಇದ್ದವು. ಮೂರನೆಯದಾಗಿ ಇದನ್ನು ಒರಗಿಸಿ ಕಟ್ಟಿದರು. ಹಮಾಲಿಯೊಬ್ಬರು ಗೋಣಿ ತಟ್ಟಿ, "ಬಹುತ್ ಭಾರಿ ಹೈ, ಬುಲೆಟ್ ಹೈ ಕ್ಯಾ" ಅಂದರು. ಯೆಜ್ಡಿ ಅಂದೆ. ಅವರ ಮುಖ ಅರಳಿದ್ದು ನೋಡಿ ಐವತ್ತು ರೂಪಾಯಿ ಜಾಸ್ತಿ ಕೊಟ್ಟೆ. ಪೂರ್ತಿ ತಂತ್ರವಾಗಿಯೂ ಇರಬಹುದು.

ರಾತ್ರಿ ರತ್ನಾಗಿರಿಯಲ್ಲಿ ಇಳಿದು ಹಿಂದಿನ ತನಕ ನಡೆದು ನೋಡಿದೆ. ಬಾಗಿಲು ಹಾಕಿತ್ತು, ಕಾಣುವುದೇನೂ ಇರಲಿಲ್ಲ. ಮಡಗಾಂವ್‌ನಲ್ಲಿ ಎದ್ದು ಮತ್ತೆ ಹೋಗಬೇಕು ಅಂತ ಅಲಾರಂ ಇಟ್ಟಿದ್ದೆ, ಎಚ್ಚರವಾಗುವಾಗ ಭಟ್ಕಳ ದಾಟಿತ್ತು.

ಬೆಳಿಗ್ಗೆ ಉಡುಪಿ ನಿಲ್ದಾಣ ಇರುವ ಇಂದ್ರಾಳಿಯಲ್ಲಿ ರೈಲು ನಿಂತಿತು. ಕುಂಜಿಬೆಟ್ಟಿನ ನಮ್ಮ ಮನೆ ಅಲ್ಲಿಂದ ಕೂಗಳತೆ ಅನ್ನಿ. ಭಾವ ಫ್ಲಾಸ್ಕಿನಲ್ಲಿ ಕಾಫಿ ತಂದು ಬಾಗಿಲಲ್ಲೇ ಕೊಟ್ಟರು. "ಇಳಿಯುವುದಿಲ್ವಾ ಮಾರಾಯ, ಮನೆ ಬಂತು" ಅಂದರು. ಬೈಕು ಇಳಿಯುವುದಿಲ್ಲ ಭಾವ, ನಾನು ಹೇಗೆ ಇಳಿಯಲಿ ಅಂದೆ. ರೈಲು ಹೊರಟಿತು, ಲೋಟ ನನ್ನ ಹತ್ತಿರವೇ ಉಳಿಯಿತು.

ಮಂಗಳೂರು ಸೆಂಟ್ರಲ್‌ನಲ್ಲಿ ಕೆಲಸ ನಿಧಾನವಾಗಿ, ಆದರೆ ಚೊಕ್ಕವಾಗಿ ಆಯಿತು. ಇಬ್ಬರು ಮೇಲೆ, ಇಬ್ಬರು ಕೆಳಗೆ ನಿಂತು ಮೊದಲು ಹಿಂದಿನ ಚಕ್ರ, ಆಮೇಲೆ ಮುಂದಿನದು ಇಳಿಸಿದರು. ರಸೀದಿಯ ಮೂಲ ಪ್ರತಿ ಕೊಟ್ಟು, ಸಹಿ ಹಾಕಿ, ಗೇಟ್ ದಾಟಲು ಮುಕ್ಕಾಲು ಗಂಟೆ. ತಡ ಮಾಡಿದರೆ ಗಾಡಿ ಅಲ್ಲಿ ನಿಂತದ್ದಕ್ಕೂ ದುಡ್ಡು ಕೇಳುತ್ತಾರೆ, ಹಾಗಾಗಿ ಅದೇ ಬೆಳಿಗ್ಗೆ ಬಿಡಿಸಿಕೊಳ್ಳುವುದು ಒಳ್ಳೆಯದು.

ಹೊರಗೆ ಬಂದ ಮೇಲೆ ಅವಸರ ನನ್ನದು. ಗೋಣಿ ಬಿಚ್ಚಿ ನೋಡಬೇಕು. ಆ ಹುಡುಗನ ಹೊಲಿಗೆ ಬೆರಳಿಗೆ ಬಗ್ಗಲಿಲ್ಲ. ಪಕ್ಕದ ಗೂಡಂಗಡಿಯಲ್ಲಿ ಬ್ಲೇಡು ತೆಗೆದುಕೊಂಡು ಒಂದೇ ಸಲ ಎಳೆದೆ. ಗೋಣಿ ಹರಿಯಿತು, ರಟ್ಟು ಹರಿಯಿತು, ಅದರ ಕೆಳಗಿದ್ದ ಸೀಟಿನ ರೆಕ್ಸಿನ್ನೂ ಹರಿಯಿತು. ಒಂದು ಗೇಣು ಉದ್ದ. ಉಳಿದಂತೆ ಟ್ಯಾಂಕು, ಮಡ್‌ಗಾರ್ಡು, ಇಂಡಿಕೇಟರು ಎಲ್ಲ ಅಜ್ಜರ ಮನೆಯಲ್ಲಿ ಇದ್ದ ಹಾಗೆಯೇ. ನಿಮಗೆ ನನ್ನ ಸಲಹೆ, ಕತ್ತರಿ ಒಯ್ಯಿರಿ.

ಪೆಟ್ರೋಲಿಗೆ ಬಂಕಿನ ತನಕ ತಳ್ಳಬೇಕಾಯಿತು. ನಿಲ್ದಾಣದಿಂದ ಹಂಪನಕಟ್ಟೆ ಕಡೆಗೆ ಏರು ಅಂತ ಇಷ್ಟು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ. 2ಟಿ ಎಣ್ಣೆಯ ಬಾಟಲಿ ಬ್ಯಾಗಿನಲ್ಲೇ ಇತ್ತು, ಈ ಗಾಡಿಗೆ ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕು. ಆರನೇ ಕಿಕ್ಕಿಗೆ ಹೊಗೆ, ಎಂಟನೆಯದಕ್ಕೆ ಶಬ್ದ. ಕೂಳೂರು ಸೇತುವೆ, ಸುರತ್ಕಲ್, ಮೂಲ್ಕಿ. ಪಡುಬಿದ್ರಿಯಲ್ಲಿ ಎಳನೀರು ಕುಡಿಯಲು ನಿಂತಾಗ ಅಂಗಡಿಯವರು ಎಂಎಚ್ ನಂಬರು ನೋಡಿ ಹಿಂದಿಯಲ್ಲಿ ಮಾತಾಡಿಸಿದರು.

ನಂಬರಿನ ಕೆಲಸ ಇನ್ನೂ ನಡೆಯುತ್ತಿದೆ. ನೀವು ತರುವುದಾದರೆ ಅಲ್ಲಿನ ಆರ್‌ಟಿಓದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಕೇಳುವ ಫಾರ್ಮ್ 28ಕ್ಕೆ ಗಾಡಿ ತರುವ ಮೊದಲೇ ಮಾರುವವರಿಂದ ಸಹಿ ಹಾಕಿಸಿಕೊಳ್ಳಿ, ಮಾಲೀಕರ ಹೆಸರು ಬದಲಿಸುವ 29 ಮತ್ತು 30ಕ್ಕೂ. ಆಮೇಲೆ ಒಂದು ಸಹಿಗೆ ಅಷ್ಟು ದೂರ ಹೋಗಲು ಆಗುತ್ತದಾ? ಹೊರ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇರುವುದಾದರೆ ಕೆಎ ನಂಬರು ಮಾಡಿಸಬೇಕು, ತೆರಿಗೆ ಕಟ್ಟಬೇಕು.

ಅಂಕ ಕೊಡುವುದಾದರೆ ಐದರಲ್ಲಿ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಉಡುಪಿ ದಾಟಿ ಹೋಗಿ ವಾಪಸು ಬಂದದ್ದಕ್ಕೆ. ಸೀಟಿಗೆ ಕಡಿತ ಇಲ್ಲ, ಅದು ನನ್ನ ಖಾತೆ.

ಹೊಸ ರೆಕ್ಸಿನ್ ಹಾಕಿಸಲು ಹೋದಾಗ ಸೀಟ್ ಅಂಗಡಿಯವರು, "ರೈಲಿನಲ್ಲಿ ಆದದ್ದಾ?" ಅಂತ ಕೇಳಿದರು. ಹೆಂಡತಿ ಪಕ್ಕದಲ್ಲೇ ಇದ್ದಳು. ನಾನು ಹೂಂ ಅಂದೆ.