ಹೋಂ ಮೈದಾನದ ಪಕ್ಕದ ಬಾಡಿಗೆ ಮನೆ: ಮೂರು ಜಾತ್ರೆ ಕಂಡವಳ ಮಾತು

ಸೊಲ್ಲಾಪುರದ ಹೋಂ ಮೈದಾನದ ಪಕ್ಕದ ಓಣಿಯಲ್ಲಿ ನಾವು ಮೂರು ವರ್ಷದಿಂದ ಬಾಡಿಗೆಗೆ ಇದ್ದೇವೆ. ಮೊದಲ ಮಹಡಿ, ಎರಡು ಕೋಣೆ, ಅಡುಗೆಮನೆ, ಮುಂದೆ ಗ್ಯಾಲರಿ. ಬಾಡಿಗೆ 9,000. ಗಂಡನಿಗೆ ಪುಣೆಗೆ ವರ್ಗವಾಗಿದೆ, ಹಾಗಾಗಿ ಮನೆ ಬಿಡುತ್ತಿದ್ದೇವೆ. ಸಂಕ್ರಾಂತಿಗೆ ಈ ಮೈದಾನದಲ್ಲಿ ಸಿದ್ಧೇಶ್ವರ ಜಾತ್ರೆ. ಮನೆ ನೋಡಲು ಬಂದವರೆಲ್ಲ ಕೇಳುವುದು ಒಂದೇ: "ಜಾತ್ರ್ಯಾಗ ಹ್ಯಾಂಗ್ರೀ?" ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹನ್ನೊಂದು ತಿಂಗಳು ತಕರಾರಿಲ್ಲ. ಗಾಳಿ, ಬೆಳಕು ಎರಡೂ ಚೆನ್ನಾಗಿವೆ. ಸಿದ್ಧೇಶ್ವರ ಗುಡಿ, ಕೆರೆ ನಡೆಯುವ ದೂರ. ಮನೆಯೊಡತಿ ಮಾವಶಿ ಒಳ್ಳೆಯವರು, ನಮ್ಮ ಹಾಗೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ.

ಇನ್ನು ಜನವರಿ. ಹೊರಗಿನವರು ಮೈದಾನದ ಹೆಸರಿನ 'ಹೋಂ' ಅಂದರೆ ಇಂಗ್ಲಿಷಿನ 'ಹೋಮ್' ಅಂದುಕೊಳ್ಳುತ್ತಾರೆ. ಅಲ್ಲ, ಸಂಕ್ರಾಂತಿಯ ಜಾತ್ರೆಯಲ್ಲಿ ಹೋಮ ಆಗುವ ಮೈದಾನ ಇದು. ಅಂದಮೇಲೆ ಜಾತ್ರೆ ನಮ್ಮ ಹತ್ತಿರ ಬಂದದ್ದಲ್ಲ, ನಾವು ಅದರ ಹತ್ತಿರ ಬಂದವರು. ನಂದಿಕೋಲಿನ ಮೆರವಣಿಗೆ, ಹೋಮ, ಮದ್ದು (ಪಟಾಕಿ) ಸುಡುವುದು ಕೆಲವೇ ದಿನ. ಆದರೆ ತಿರುಗುವ ದೊಡ್ಡ ತೊಟ್ಟಿಲು, ಅಂಗಡಿ, ಬಾವಿಯಂಥ ಗೋಡೆಯ ಮೇಲೆ ಬೈಕು ಓಡಿಸುವ ಮೌತ್ ಕಾ ಕುವಾ ಸುಮಾರು ತಿಂಗಳ ಕೊನೆಯವರೆಗೂ ಇರುತ್ತವೆ. ಮನೆ ತೋರಿಸಿದ ಏಜೆಂಟ್ ಈ ಮಾತು ಹೇಳಲೇ ಇಲ್ಲ. ಹೇಳಬೇಕಿತ್ತು.

ಮೊದಲ ವರ್ಷ ಮಗಳು ಹತ್ತನೇ ಕ್ಲಾಸು, ಜನವರಿಯಲ್ಲೇ ಪ್ರಿಲಿಮ್ ಪರೀಕ್ಷೆ. ಮುಂದಿನ ಕೋಣೆಯಲ್ಲಿ ಓದಲು ಕೂತರೆ ತೊಟ್ಟಿಲಿನವರ ಮೈಕು, ಜನರೇಟರ್, ಪೀಪಿ ಎಲ್ಲ ಒಟ್ಟಿಗೆ ಕಿವಿಗೆ. ಕಿಟಕಿ ಹಾಕಿದರೂ ಗಾಜು ಸಣ್ಣಗೆ ನಡುಗುತ್ತಿತ್ತು. ಮೂರನೇ ದಿನ ಅವಳು ಅಳುತ್ತ ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಬಂದಳು. ಗ್ಯಾಸಿನ ಕಟ್ಟೆಯ ಪಕ್ಕ ಮಣೆ ಹಾಕಿ ಕೊಟ್ಟೆ. ಅಲ್ಲಿ ಸದ್ದು ಅರ್ಧಕ್ಕರ್ಧ ಕಡಿಮೆ. ಮಾರನೇ ವರ್ಷದಿಂದ ಜನವರಿ ಬಂತೆಂದರೆ ಹಾಸಿಗೆಗಳನ್ನೂ ಹಿಂದಿನ ಕೋಣೆಗೆ ಸಾಗಿಸಿದೆವು.

ಧೂಳು ಇನ್ನೊಂದು ದೊಡ್ಡ ತೊಂದರೆ. ಬೆಳಿಗ್ಗೆ ಒರೆಸಿದ ಗ್ಯಾಲರಿ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು. ಬಟ್ಟೆ ಒಣಹಾಕುವ ಹಾಗಿಲ್ಲ. ಮದ್ದು ಸುಟ್ಟ ಮರುದಿನ ಮಾಳಿಗೆ ತುಂಬ ಸುಟ್ಟ ಕಾಗದದ ಚೂರು. ಮನೆಯಲ್ಲಿ ದಮ್ಮಿನ ತೊಂದರೆ ಇರುವವರು ಇದ್ದರೆ ಈ ಮನೆ ಬೇಡ. ನೇರವಾಗಿ ಹೇಳುತ್ತೇನೆ.

ನೀರಿನ ಲೆಕ್ಕ ಸೊಲ್ಲಾಪುರದವರಿಗೆ ಹೇಳಬೇಕಿಲ್ಲ. ನಾಲ್ಕೈದು ದಿನಕ್ಕೊಮ್ಮೆ ನಳ. ಅದರಲ್ಲಿ ಜಾತ್ರೆಗೆ ನೆಂಟರು. ಹೋದ ವರ್ಷ ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಹನ್ನೆರಡು ಜನ ಬಂದರು, ನಳ ಬರುವುದು ಇನ್ನೂ ಎರಡು ದಿನ ಇತ್ತು. ಎರಡು ಡ್ರಮ್ ಜಾಸ್ತಿ ತುಂಬಿಟ್ಟಿದ್ದಕ್ಕೆ ಬಚಾವಾದೆವು. ಗಾಡಿಯನ್ನೂ ಮೆರವಣಿಗೆಯ ದಿನ ಬೆಳಿಗ್ಗೆಯೇ ಓಣಿಯಾಚೆ ನಿಲ್ಲಿಸಿ ಬನ್ನಿ. ಆಮೇಲೆ ತೆಗೆಯಲು ಆಗುವುದಿಲ್ಲ.

ಇಷ್ಟೆಲ್ಲ ಇದ್ದೂ ಮೂರು ವರ್ಷ ಯಾಕೆ ಇದ್ದೆವು? ಅಕ್ಷತೆಯ ದಿನಕ್ಕಾಗಿ. ಕಸೆ ಕಟ್ಟುವ ಬಿಳಿ ಬಾರಾಬಂದಿ ಅಂಗಿ ತೊಟ್ಟವರು ಏಳು ನಂದಿಕೋಲು ಹೊತ್ತು ಸಮ್ಮತಿ ಕಟ್ಟೆಗೆ ಬರುತ್ತಾರೆ. ಸಿದ್ಧರಾಮರ, ಅಂದರೆ ಸಿದ್ಧೇಶ್ವರರ, ಯೋಗದಂಡಕ್ಕೂ ಕಥೆಯಲ್ಲಿ ಬರುವ ಕುಂಬಾರರ ಮಗಳಿಗೂ ಅಲ್ಲಿ ಸಾಂಕೇತಿಕ ಲಗ್ನ. 'ಸತ್ಯಂ ಸತ್ಯಂ, ದಿಡ್ಡಂ ದಿಡ್ಡಂ' ಅನ್ನುತ್ತಿದ್ದ ಹಾಗೇ ಸಾವಿರಾರು ಕೈಯಿಂದ ಅಕ್ಕಿ ಬೀಳುತ್ತದೆ. ರಾತ್ರಿ ತಲೆ ಬಾಚುವಾಗ ಹಳದಿ ಕಾಳು ಉದುರಿದವು, ಒಂದೆರಡು ದೇವರ ಮುಂದೆ ಇಟ್ಟೆ. ಹಿಂದಿನ ದಿನ ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆ ಹಚ್ಚುತ್ತಾರೆ. ಅದನ್ನು ಮರಾಠಿ ಪೇಪರಿನವರು 'ಯಣ್ಣಿಮಜ್ಜನ' ಅಂತ ಬರೆಯುತ್ತಾರೆ. ನಮ್ಮ ಎಣ್ಣೆ ಮಜ್ಜನವೇ ಅಲ್ವಾ ಅದು! ಓದಿದಾಗಲೆಲ್ಲ ನನಗೆ ಖುಷಿ.

"ಜಾತ್ರ್ಯಾಗ ನೀ ಊರಿಗಿ ಹೋಗಬ್ಯಾಡವ್ವ, ನಿನ್ನ ಊರೇ ಇಲ್ಲಿಗಿ ಬರ್ತದ" ಅಂದಿದ್ದರು ಮಾವಶಿ. ನಿಜ. ಅಕ್ಕಲಕೋಟೆ ಕಡೆಯಿಂದ ನನ್ನ ತವರಿನವರೆಲ್ಲ ಬಂದು ಇದೇ ಗ್ಯಾಲರಿಯಲ್ಲಿ ಕೂತು ಮದ್ದು ನೋಡಿದರು. ನಡೆಯಲಾಗದ ನನ್ನ ಅವ್ವನೂ ನೋಡಿದಳು.

ಐದಕ್ಕೆ ನಾಲ್ಕು ಕೊಡುತ್ತೇನೆ. ಮನೆ ನೋಡಲು ಬರುವವರು ಗ್ಯಾಲರಿಯಲ್ಲಿ ನಿಂತು ಹೂಂ ಅನ್ನಬೇಡಿ. ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿ, ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಜನವರಿಯಲ್ಲಿ ನೀವು ಮಲಗುವುದು ಅಲ್ಲೇ.